ನೈಟ್ರೈಟ್ ಬರೆಯಲಾಗದ ಹಿಂಗಾರು

ಬೆಳಿಗ್ಗೆ ಹತ್ತು ನಲವತ್ತಕ್ಕೆ ರೇಣುಕಾ ಮಜ್ಜಿಗೆಯ ತಂಬಿಗೆಯನ್ನು ಬರಿದು ಮಾಡಿ ನೆಲದ ಮೇಲಿಟ್ಟಳು. ಮೇಲ್ದುಟಿಗೆ ಅಂಟಿದ್ದ ಬಿಳಿಯನ್ನು ಅಂಗೈಯಿಂದ ಒರೆಸಿಕೊಂಡಳು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದು ಹನ್ನೊಂದರ ಬಸ್ಸಿನಿಂದಾಗಿ. ದಸರೆಯ ರಜೆ, ಪಾಠ ಮುಗಿಸಿ ನರಗುಂದದ ನಮ್ಮ ಮನೆಗೆ ಹೋಗಬೇಕೆಂದು ಚೀಲ ತುಂಬಿಟ್ಟಿದ್ದೆ, ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ. ನನ್ನ ಪಾಲಿನ ಮಜ್ಜಿಗೆ ಕಿಟಕಿಯ ಕಟ್ಟೆಯ ಮೇಲಿತ್ತು. ಎರಡು ಗುಟುಕು ಕುಡಿದು ಇಟ್ಟಿದ್ದೆ, ಏಕೆಂದರೆ ಕೈಯಲ್ಲಿ ಸೀಮೆಸುಣ್ಣವಿತ್ತು, ಹಲಗೆಯ ಮೇಲೆ ನೈಟ್ರೈಟ್ ಅಯಾನಿನ ಚಿತ್ರ ಅರ್ಧಕ್ಕೆ ನಿಂತಿತ್ತು.

ಕಳೆದ ವಾರ ಪರೀಕ್ಷೆಯ ಕೆಲಸಕ್ಕೆಂದು ಮತ್ತೆ ಗಜೇಂದ್ರಗಡಕ್ಕೆ ಹೋಗಿದ್ದೆ. ಬಸ್ ನಿಲ್ದಾಣ ದಾಟಿ ಕೋಟೆಯ ಗುಡ್ಡದ ಕಡೆ ತಿರುಗುವ ಓಣಿಯಲ್ಲಿ ಹಸಿ ನೂಲಿನ ವಾಸನೆ ಬಂತು. ಬಣ್ಣ ಹಾಕಿದ ನೂಲಿನ ಲಡಿಗಳನ್ನು ಬಿದಿರಿನ ಗಳುವಿಗೆ ಇಳಿಬಿಟ್ಟಾಗ, ನೀರು ತೊಟ್ಟಿಕ್ಕುವಾಗ ಬರುವ ವಾಸನೆ ಅದು: ಸ್ವಲ್ಪ ಹುಳಿ, ಸ್ವಲ್ಪ ಕಬ್ಬಿಣ. ಜೊತೆಗಿದ್ದ ಸಹೋದ್ಯೋಗಿ ಏನೋ ಹೇಳುತ್ತಿದ್ದರು. ನಾನು ತಂಬಿಗೆಯ ಸದ್ದು ಕೇಳುತ್ತಿದ್ದೆ. ಹಿತ್ತಾಳೆ ನೆಲಕ್ಕೆ ತಾಗಿದ ಸದ್ದು.

ಆ ವರ್ಷ ನಾನು ಗಜೇಂದ್ರಗಡದ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ಬಣ್ಣಗಾರ ಮಲ್ಲಪ್ಪನವರ ಮನೆಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಕೆಳಗೆ ಮಲ್ಲಪ್ಪ, ಅವರ ತಾಯಿ ಗಂಗವ್ವ, ಮಗಳು ರೇಣುಕಾ. ಮಗುವಿದ್ದಾಗಲೇ ತಾಯಿಯನ್ನು ಕಳೆದುಕೊಂಡ ರೇಣುಕಾಳನ್ನು ಬೆಳೆಸಿದ್ದು ಗಂಗವ್ವ. ಆಗ ಅವಳು ಪಿಯುಸಿ ಮೊದಲ ವರ್ಷ; ಪಾಠಕ್ಕೆ ಮೇಲೆ ನನ್ನ ಕೋಣೆಗೆ ಬರುತ್ತಿದ್ದಳು. ಹಿತ್ತಲಲ್ಲಿ ತಗಡಿನ ಮಾಡಿನ ಕೆಳಗೆ ಬಣ್ಣದ ಮನೆ. ಸೀರೆಯ ಅಂಚಿಗೆ ಬೇಕಾದ ಕೆಂಪು ನೂಲು ಆ ಓಣಿಯ ಮಗ್ಗಗಳಿಗೆಲ್ಲ ಅಲ್ಲಿಂದಲೇ ಹೋಗುತ್ತಿತ್ತು. ನೂಲನ್ನು ಮೊದಲು ಒಂದು ನೀರಿನಲ್ಲಿ ಅದ್ದುತ್ತಾರೆ; ಬಣ್ಣ ಹಿಡಿಯಲಿ ಎಂದು ಅದಕ್ಕೆ ಉಪ್ಪು ಹಾಕುತ್ತಾರೆ. ಆಮೇಲೆ ಇನ್ನೊಂದು ನೀರಿನಲ್ಲಿ ಅದ್ದುತ್ತಾರೆ. ಅದರಲ್ಲಿ ಕೆಂಪು ಹುಟ್ಟುತ್ತದೆ. ಆ ಎರಡನೆಯ ನೀರಿಗೆ ಬೇಕಾದದ್ದು ಸೋಡಿಯಂ ನೈಟ್ರೈಟ್.

ರೇಣುಕಾಳಿಗೆ ಲೂಯಿಸ್ ರಚನೆ ಬರೆಯುವುದೆಂದರೆ ಆಟ. ಜೋಳದ ಕಾಳುಗಳನ್ನೇ ಎಲೆಕ್ಟ್ರಾನು ಮಾಡಿಕೊಂಡು ನೆಲದ ಮೇಲೆ ಹರಡಿ ಕೂರುತ್ತಿದ್ದಳು. ಯಾವ ಪರಮಾಣುವಿನ ಹೊರಕವಚದಲ್ಲಿ ಎಷ್ಟು ಕಾಳು, ಒಟ್ಟು ಎಷ್ಟಾಯಿತು, ನಡುವೆ ಯಾರು ಕೂರಬೇಕು, ಬಂಧಕ್ಕೆ ಎರಡೆರಡು ಇಟ್ಟ ಮೇಲೆ ಉಳಿದವನ್ನು ಹಂಚುವುದು ಹೇಗೆ. ಪ್ರತಿಯೊಬ್ಬರ ಸುತ್ತಲೂ ಎಂಟು ಆಗಬೇಕು. ನೀರು, ಅಮೋನಿಯಾ, ಇಂಗಾಲದ ಡೈಆಕ್ಸೈಡು ಎಲ್ಲವನ್ನೂ ಸರಸರ ಮಾಡಿ ಮುಗಿಸಿದಳು. ನೈಟ್ರೈಟಿಗೆ ಬಂದಾಗ ಸಿಕ್ಕಿಕೊಂಡಳು.

"ಇದು ನಮ್ಮ ಭರಣ್ಯಾಗಿಂದ ಅಲ್ರಿ ಅಕ್ಕೋರ?" ಎಂದು ಮೊದಲು ಕಣ್ಣರಳಿಸಿದ್ದಳು. ಪುಸ್ತಕದೊಳಗೆ ತಮ್ಮ ಮನೆಯ ಪುಡಿ ಸಿಕ್ಕಿದ್ದು ಅವಳಿಗೆ ಊರವರ ಮದುವೆಯಲ್ಲಿ ಸ್ವಂತ ಸೋದರಮಾವ ಸಿಕ್ಕಷ್ಟು ಸಂತೋಷ.

ನೈಟ್ರೋಜನ್ನಿನ ಐದು, ಎರಡು ಆಕ್ಸಿಜನ್ನುಗಳ ಆರಾರು, ಋಣ ಚಿಹ್ನೆ ಇರುವುದರಿಂದ ಹೊರಗಿನಿಂದ ಬಂದದ್ದು ಒಂದು. ಒಟ್ಟು ಹದಿನೆಂಟು. ಎರಡೂ ಕಡೆ ಒಂದೊಂದು ಬಂಧ ಇಟ್ಟು ಉಳಿದದ್ದನ್ನು ಹಂಚಿದರೆ ಎರಡೂ ಆಕ್ಸಿಜನ್ನಿಗೆ ಎಂಟಾಗುತ್ತದೆ, ನಡುವಿನ ನೈಟ್ರೋಜನ್ನಿಗೆ ಆರೇ. ಆಗ ಯಾವುದಾದರೂ ಒಂದು ಆಕ್ಸಿಜನ್ ತನ್ನ ಒಂದು ಜೊತೆಯನ್ನು ನಡುವಿಗೆ ಸರಿಸಿ ಆ ಬಂಧವನ್ನು ಜೋಡಿ ಮಾಡಬೇಕು.

"ಯಾವ್ದು ಸರಸಬೇಕ್ರಿ? ಎಡಗಡೇದೋ ಬಲಗಡೇದೋ?"

"ಯಾವುದಾದರೂ ಸರಿ. ಎರಡು ಚಿತ್ರ ಬರಿ. ನಡುವೆ ಎರಡು ಕಡೆ ಮೊನೆ ಇರುವ ಬಾಣ ಹಾಕು. ಇದಕ್ಕೆ ಅನುರಣನ ಅನ್ನುತ್ತಾರೆ."

"ಅಂದ್ರ ಜೋಡಿ ಬಂಧ ಒಂದ್ ಘಳಿಗಿ ಈ ಕಡೆ, ಒಂದ್ ಘಳಿಗಿ ಆ ಕಡೆ ಓಡ್ಯಾಡ್ತೈತಿ?"

"ಇಲ್ಲ. ಓಡಾಡುವುದೇ ಇಲ್ಲ. ಅಳತೆ ಮಾಡಿ ನೋಡಿದರೆ ಎರಡೂ ಬಂಧ ಒಂದೇ ಉದ್ದ. ಒಂಟಿಯೂ ಅಲ್ಲ, ಜೋಡಿಯೂ ಅಲ್ಲ, ನಡುವಿನದು. ಋಣವೂ ಅಷ್ಟೆ, ಇಬ್ಬರಿಗೂ ಅರ್ಧರ್ಧ."

"ಹಂಗಾರ ಈಗ, ಈ ಘಳಿಗ್ಯಾಗ, ಆ ಜೋಡಿ ಎಲ್ಲೈತ್ರಿ?"

ಹಸಿರು ಲಡಿಯ ಉದಾಹರಣೆ ಕೊಟ್ಟೆ. ಅವಳ ಅಪ್ಪ ನೀಲಿಯಲ್ಲಿ ಅದ್ದಿ, ಹಳದಿಯಲ್ಲಿ ಅದ್ದಿ ತೆಗೆದ ಲಡಿ ಒಂದು ಗಳಿಗೆ ನೀಲಿ, ಇನ್ನೊಂದು ಗಳಿಗೆ ಹಳದಿ ಆಗಿರುತ್ತದೆಯೇ, ಹಸಿರೇ ಅಲ್ಲವೇ ಎಂದೆ. ನನಗೇ ಖುಷಿಯಾಗಿತ್ತು ಆ ಮಾತಿಗೆ. ಅವಳು ಒಪ್ಪಲಿಲ್ಲ.

"ನೀಲಿ ಬ್ಯಾರೆ ಐತಿ, ಹಳದಿ ಬ್ಯಾರೆ ಐತಿ, ಡಬ್ಬ್ಯಾಗ ನೋಡಬಹುದ್ರಿ. ನಿಮ್ಮ ಈ ಎರಡು ಚಿತ್ರದಾಗಿನ ನೈಟ್ರೈಟ್ ಎಲ್ಲೂ ಇಲ್ಲ ಅಂತೀರಲ್ಲ. ಇಲ್ಲದ್ದನ್ನ ಕೂಡ್ಸಿ ಇದ್ದದ್ದನ್ನ ಮಾಡೂದು ಹ್ಯಾಂಗ್ರಿ?"

ಆ ಪ್ರಶ್ನೆಯನ್ನು ಅವಳು ವಾರವಿಡೀ ಬಿಡಲಿಲ್ಲ. ಅಂದು ಬೆಳಿಗ್ಗೆಯೂ ನಾನು ಹಲಗೆಯ ಮುಂದೆ ನಿಂತದ್ದು ಅದಕ್ಕಾಗಿಯೇ. ಆದ್ದರಿಂದಲೇ ಮಜ್ಜಿಗೆ ಪೂರ್ತಿ ಕುಡಿಯಲಿಲ್ಲ. ಈ ಮಾತನ್ನು ನಾನು ಎಷ್ಟು ಸಲ ತಿರುಗಿಸಿ ಮುರುಗಿಸಿ ನೋಡಿದ್ದೇನೋ.

ಹಿಂದಿನ ಸಂಜೆ ಹಸ್ತ ಮಳೆ ಬಂದಿತ್ತು. ಗುಡ್ಡದ ಕಡೆಯಿಂದ ಗಾಳಿ ಎದ್ದು ಬಣ್ಣದ ಮನೆಯ ಒಂದು ತಗಡನ್ನು ಕಿತ್ತೆಸೆದಿತ್ತು. ಮಲ್ಲಪ್ಪನವರು ನೆನೆಯುತ್ತಲೇ ಸಾಮಾನು ಒಳಗೆ ಸಾಗಿಸಿದರು. ಮರುದಿನ ಮಳೆಯಿಲ್ಲ, ಗಾಳಿಯೂ ಇಲ್ಲ, ಉಸಿರು ಕಟ್ಟುವ ಸೆಕೆ. ಮಗ್ಗಗಳು ರಜೆಯಲ್ಲಿದ್ದವು. ಆ ಓಣಿ ಅಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಆಯಿ, ಇನ್ನೊಂದೀಟು ಮಜ್ಜಿಗಿ ಕೊಡ," ಎಂದು ರೇಣುಕಾ ಕೂಗಿದಳು. ಗಂಗವ್ವ ಕೆಳಗಿನಿಂದಲೇ, "ಮಳೀಗೆ ಉಪ್ಪು ಗಡ್ಡಿಗಟ್ಟೈತಿ, ಒಡದು ಹಾಕಬೇಕು, ತಡಿ," ಎಂದರು.

ಆ ಎರಡನೆಯ ತಂಬಿಗೆ ಬರುವ ಮುಂಚೆಯೇ ರೇಣುಕಾ ತಲೆ ಹಿಡಿದುಕೊಂಡಳು. "ಅಕ್ಕೋರ, ತಲಿ ಸಿಡ್ಯಾಕತ್ತೈತಿ." ಸೆಕೆಗೆ ಇರಬೇಕು ಎಂದೆ. ಹಲಗೆಯ ಕಡೆ ತಿರುಗಿ ಎರಡನೆಯ ಚಿತ್ರದ ಚುಕ್ಕೆಗಳನ್ನು ಇಡತೊಡಗಿದೆ. ಮತ್ತೆ ತಿರುಗಿದಾಗ ಅವಳ ತುಟಿ ಅವಳದಾಗಿರಲಿಲ್ಲ. ನೇರಳೆ ಹಣ್ಣು ತಿಂದವರ ತುಟಿಯಂತೆ, ಆದರೆ ಬೂದಿ ಬಳಿದಂತೆ. ಉಗುರುಗಳೂ ಹಾಗೇ. ಏನೋ ಹೇಳಲು ಹೋಗಿ ಪಕ್ಕಕ್ಕೆ ಒರಗಿದಳು.

ನನ್ನ ಕೂಗಿಗೆ ಮೇಲೆ ಬಂದ ಮಲ್ಲಪ್ಪನವರು ಅವಳನ್ನು ಎತ್ತಿಕೊಂಡು ಓಡಿದರು. ನಾನು ಹಿಂದೆ. ಓಣಿಯ ತುದಿಯಲ್ಲೇ ದವಾಖಾನೆ. ಅಲ್ಲಿದ್ದವರು ನನ್ನದೇ ವಯಸ್ಸಿನ ಮಹಿಳಾ ಡಾಕ್ಟರ್. ಬೆರಳಿಗೆ ಚಿಮಟಿಗೆಯಂಥ ಯಂತ್ರ ಹಾಕಿದರು, ಮೂಗಿಗೆ ಆಕ್ಸಿಜನ್ ಕೊಟ್ಟರು. ಯಂತ್ರದ ಅಂಕಿ ಎಂಬತ್ತೈದರಲ್ಲಿ ನಿಂತಿತ್ತು. ಆಕ್ಸಿಜನ್ ಹೆಚ್ಚಿಸಿದರು. ಎಂಬತ್ತೈದು. ಆಕೆ ಹುಬ್ಬು ಗಂಟಿಕ್ಕಿ, ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಬಿಳಿ ಕಾಗದದ ಮೇಲೆ ಇಳಿಸಿ, ಗಾಳಿಯಲ್ಲಿ ಬೀಸಿದರು. ಪಕ್ಕದಲ್ಲಿ ತಮ್ಮದೇ ಬೆರಳಿನ ಹನಿ ಇಟ್ಟರು. ಅದು ಕೆಂಪಗಿತ್ತು. ರೇಣುಕಾಳದು ಬೆಲ್ಲದ ಪಾಕದ ಬಣ್ಣ. ಎಷ್ಟು ಬೀಸಿದರೂ ಕೆಂಪಾಗಲಿಲ್ಲ.

"ಮನ್ಯಾಗ ಏನ್ ಕೆಲಸ ಮಾಡ್ತೀರ್ರಿ?"

"ನೂಲಿಗೆ ಬಣ್ಣ ಹಾಕ್ತೀವ್ರಿ," ಎಂದರು ಮಲ್ಲಪ್ಪ.

"ಏನೇನ್ ಪುಡಿ ಅದಾವು? ಲಗೂ ಹೇಳ್ರಿ."

ಅವರು ಒಂದೊಂದಾಗಿ ಹೇಳುತ್ತ ಹೋದರು. ನೈಟ್ರೈಟ್ ಎಂದಾಗ ಡಾಕ್ಟರ್ ಕೈ ಎತ್ತಿ ನಿಲ್ಲಿಸಿದರು. "ಇದೇನ್ರ ಊಟದಾಗ ಬಂತೇನು?"

ಅಷ್ಟು ಹೊತ್ತಿಗೆ ಬಾಗಿಲಿಗೆ ಬಂದು ನಿಂತಿದ್ದ ಗಂಗವ್ವ ಮೆಲ್ಲಗೆ, "ಉಪ್ಪು ಬಾಗಲ ಕಡೆ ಭರಣ್ಯಾಗಿಂದ ತಗೊಂಡೇನಿ. ಯಾವತ್ತೂ ಬಾಗಲ ಕಡೇದ ತಗೋತೀನಿ," ಎಂದರು. ಮಲ್ಲಪ್ಪನವರು ಗೋಡೆಗೆ ಒರಗಿಬಿಟ್ಟರು.

ಆ ಮನೆಯಲ್ಲಿ ಅಡುಗೆಗೆ ಬೇರೆ ಉಪ್ಪು ತರುತ್ತಿರಲಿಲ್ಲ. ಬಣ್ಣಕ್ಕೆ ಚೀಲಗಟ್ಟಲೆ ಉಪ್ಪು ಬರುವಾಗ ಅಂಗಡಿಯ ಪಾಕೀಟು ಯಾಕೆ ಎಂಬುದು ಆ ಊರಿನ ಬಣ್ಣಗಾರರೆಲ್ಲರ ರೂಢಿ. ಉಪ್ಪಿಗೊಂದು ಭರಣಿ, ನೈಟ್ರೈಟಿಗೊಂದು ಭರಣಿ. ಎರಡೂ ಪಸೆ ಹಿಡಿಯುವಂಥವು, ಎರಡಕ್ಕೂ ಒಂದೇ ನಮೂನೆಯ ಕಂದು ಪಿಂಗಾಣಿ, ಮರದ ಮುಚ್ಚಳ. ಅವುಗಳ ಮೇಲೆ ಹೆಸರಿಲ್ಲ. ಜಾಗವೇ ಹೆಸರು. ಗಂಗವ್ವನ ಲೆಕ್ಕದಲ್ಲಿ ಬಾಗಿಲ ಕಡೆಯದು ಉಪ್ಪು. ಮಲ್ಲಪ್ಪನವರ ಲೆಕ್ಕದಲ್ಲಿ ಬಲಗೈಗೆ ಸಿಗುವುದು ಉಪ್ಪು. ಬಣ್ಣದ ಮನೆಯ ಬಾಗಿಲು ಬಲಗಡೆ ಇದ್ದುದರಿಂದ ಇಬ್ಬರೂ ಇಷ್ಟು ವರ್ಷ ಒಂದೇ ಭರಣಿಗೆ ಕೈ ಹಾಕುತ್ತಿದ್ದರು. ಹಿಂದಿನ ಸಂಜೆ ಮಲ್ಲಪ್ಪನವರು ಎರಡನ್ನೂ ಒಳಗಿನ ಕೋಣೆಗೆ ತಂದು, ಉಪ್ಪು ಬಲಕ್ಕೆ ಬರುವಂತೆ ತಪ್ಪದೆ ಇಟ್ಟಿದ್ದರು. ಆ ಕೋಣೆಯ ಬಾಗಿಲು ಎಡಗಡೆ ಇತ್ತು.

ನೈಟ್ರೈಟಿನ ಎರಡು ಚಿತ್ರಗಳಲ್ಲಿ ಎಡಬಲ ಬದಲಾದರೆ ಏನೂ ವ್ಯತ್ಯಾಸವಿಲ್ಲ ಎಂದು ನಾನು ಅದೇ ವಾರ ಹತ್ತು ಸಲ ಹೇಳಿದ್ದೆ.

ಇದಕ್ಕೆ ಒಂದೇ ಮದ್ದು, ಅದು ತಮ್ಮಲ್ಲಿಲ್ಲ ಎಂದು ಡಾಕ್ಟರ್ ಫೋನು ಹಿಡಿದರು. ಮೂರನೆಯ ಫೋನಿಗೆ ರೋಣದ ಒಂದು ದವಾಖಾನೆಯಲ್ಲಿ ಇದೆ ಎಂದು ತಿಳಿಯಿತು. ಆಂಬುಲೆನ್ಸಿಗೆ ಹತ್ತುವ ಮುಂಚೆ ಅವರು ನನ್ನ ಬೆರಳಿಗೂ ಯಂತ್ರ ಹಾಕಿ ನೋಡಿದರು. "ನಿಮಗ ಅಂಥಾದ್ದೇನಿಲ್ಲ. ಹುಡುಗಿ ಜೋಡಿ ಮಾತಾಡ್ಕೋತ ಹೋಗ್ರಿ. ಮಲಗಾಕ ಬಿಡಬ್ಯಾಡ್ರಿ. ಮಾತು ತಪ್ಪಾಕತ್ರ ಡ್ರೈವರಗ ಹೇಳ್ರಿ."

ಗಜೇಂದ್ರಗಡದಿಂದ ರೋಣದ ದಾರಿಯಲ್ಲಿ ಎರಡೂ ಕಡೆ ಎರೆಭೂಮಿ ಹಸಿಯಾಗಿ ಹೊಳೆಯುತ್ತಿತ್ತು. ಹಿಂಗಾರಿಗೆ ಕಾದವರೆಲ್ಲ ಹೊಲದಲ್ಲಿ ನಿಂತು ಮಣ್ಣು ಹಿಚುಕಿ ನೋಡುತ್ತಿದ್ದರು. ಊರಿಗೆ ಊರೇ ಸಂತೋಷದಲ್ಲಿದ್ದ ದಿನ ಅದು. ಮಲ್ಲಪ್ಪನವರು ಮಗಳ ಪಾದ ಹಿಡಿದು ಕೂತಿದ್ದರು. ನನಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಬಾಯಿಗೆ ಬಂದದ್ದು ಪಾಠವೇ.

"ರೇಣುಕಾ, ನೈಟ್ರೋಜನ್ನಿಗೆ ಎಷ್ಟು?"

"ಐದ್ರಿ."

"ಒಂದು ಆಕ್ಸಿಜನ್ನಿಗೆ?"

"ಆರು."

"ಒಟ್ಟು ಎಷ್ಟಾಯಿತು ಹೇಳು."

ಹಳ್ಳದ ಸೇತುವೆಯ ಮೇಲೆ ಕೆಂಪು ನೀರು ಹರಿಯುತ್ತಿತ್ತು. ಡ್ರೈವರ್ ಗಾಡಿ ನಿಲ್ಲಿಸಿ ಇಳಿದು, ನೀರಿಗೆ ಕಾಲು ಹಾಕಿ ಆಳ ನೋಡಿದ. "ದಾಟತೈತಿ ಬರ್ರಿ," ಎಂದ, ಯಾರನ್ನೂ ನೋಡದೆ.

"ಹದಿನೇಳು," ಎಂದಳು ರೇಣುಕಾ.

"ಋಣದ್ದು ಬಿಟ್ಟೆಯಲ್ಲ? ಇನ್ನೊಂದು ಇದೆ. ಹೇಳು, ಇನ್ನೊಂದು ಸೇರಿಸಿದರೆ?"

ಉತ್ತರ ಬರಲಿಲ್ಲ. ಕಣ್ಣು ಅರ್ಧ ತೆರೆದಿದ್ದವು. ನಾನು ಕೂಗಿದೆ. ಮಲ್ಲಪ್ಪನವರು, "ಯವ್ವಾ, ಅಕ್ಕೋರು ಕೇಳಾಕತ್ತಾರ ನೋಡ, ಹೇಳ ನನ್ನವ್ವಾ," ಎಂದು ಅವಳ ಪಾದ ತಿಕ್ಕತೊಡಗಿದರು. ಅವರಿಗೆ ಪ್ರಶ್ನೆ ಏನೆಂದು ಗೊತ್ತಿರಲಿಲ್ಲ. ಉತ್ತರ ಸಿಕ್ಕರೆ ಮಗಳು ಉಳಿಯುತ್ತಾಳೆ ಎಂದುಕೊಂಡಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ರೋಣದ ದವಾಖಾನೆಯಲ್ಲಿ ಎಲ್ಲ ಸಿದ್ಧವಾಗಿತ್ತು. ವಯಸ್ಸಾದ ಡಾಕ್ಟರ್ ಒಬ್ಬರು ಸಣ್ಣ ಗಾಜಿನ ಕೊಳವೆ ಒಡೆದು ಸಿರಿಂಜಿಗೆ ಎಳೆದುಕೊಂಡರು. ನೀಲಿ! ಬಟ್ಟೆಗೆ ಬಿದ್ದರೆ ಹೋಗದಂಥ ಕಡು ನೀಲಿ. ಮಲ್ಲಪ್ಪನವರು ಒಂದು ಹೆಜ್ಜೆ ಮುಂದೆ ಬಂದರು.

"ಸಾಹೇಬ್ರ, ಇದು ಬಣ್ಣ ಐತಲ್ರಿ. ನಾ ಬಣ್ಣಗಾರ ಅದೀನಿ, ನನಗ ಗೊತ್ತಾಗ್ತೈತಿ."

"ಹೌದಪ್ಪಾ, ಬಣ್ಣನ. ಇದನ್ನ ಬಿಟ್ರ ಬ್ಯಾರೆ ಇಲ್ಲ. ದೂರ ನಿಂದ್ರು."

"ಬಣ್ಣದಿಂದನ ಹಿಂಗಾಗೈತ್ರೀ..." ಎಂದವರು ಅಲ್ಲೇ ಕೂತರು.

ನೀಲಿ ನಿಧಾನವಾಗಿ ಅವಳ ರಕ್ತನಾಳಕ್ಕೆ ಹೋಯಿತು. ಯಂತ್ರದ ಅಂಕಿ ಏರುವ ಬದಲು ಸರ್ರನೆ ಇಳಿಯಿತು. ನಾನು ಏನೋ ಚೀರಿದೆನಂತೆ. ಡಾಕ್ಟರ್ ತಲೆ ಎತ್ತದೆ ಹೇಳಿದರು: "ಆ ಯಂತ್ರ ನೋಡಬ್ಯಾಡ್ರಿ. ನೀಲಿ ನೋಡಿ ಅದು ಮೋಸ ಹೋಗ್ತೈತಿ. ಹುಡಿಗಿ ತುಟಿ ನೋಡ್ರಿ."

ತುಟಿ ನೋಡುತ್ತ ನಿಂತೆವು. ಮಲ್ಲಪ್ಪ ಒಂದು ಕಡೆ, ನಾನು ಒಂದು ಕಡೆ. ಬೂದಿ ಬಣ್ಣ ಮೊದಲು ಮೇಲ್ದುಟಿಯ ನಡುವೆ ತೆಳುವಾಯಿತು. ಆಮೇಲೆ ಅಂಚುಗಳಲ್ಲಿ. ಅರ್ಧ ಗಂಟೆಯಾಗುವಷ್ಟರಲ್ಲಿ ಅವಳು ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಆಯಿಗೆ ಯಾರೂ ಬೈದಿಲ್ಲಲ್ಲ?"

ಮರುದಿನ ಮೂತ್ರ ಹಸಿರಾಗಿದೆ ಎಂದು ನಾಚಿಕೊಂಡು ನನ್ನ ಕಿವಿಯಲ್ಲಿ ಹೇಳಿದಳು. ಮೂರನೆಯ ದಿನ ಮನೆಗೆ ಬಂದಳು. ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ನಾನು ನರಗುಂದಕ್ಕೆ ಹೋದರೂ ಎರಡೇ ದಿನಕ್ಕೆ ತಿರುಗಿ ಬಂದೆ. ಅಲ್ಲಿ ನಿದ್ದೆ ಬರಲಿಲ್ಲ, ಇಲ್ಲೂ ಬರಲಿಲ್ಲ. ನೈಟ್ರೈಟ್ ರಕ್ತದಲ್ಲಿ ಏನು ಮಾಡುತ್ತದೆ ಎಂದು ಸಿಕ್ಕಿದ್ದನ್ನೆಲ್ಲ ಓದಿದೆ. ರಕ್ತದ ಕಬ್ಬಿಣದಿಂದ ಒಂದು ಎಲೆಕ್ಟ್ರಾನು ಹೋಗುತ್ತದೆ. ಹಾಗೆ ಹೋದ ಕಬ್ಬಿಣ ಆಕ್ಸಿಜನ್ನನ್ನು ಹೊರಲಾರದು. ಎದೆ ತುಂಬ ಗಾಳಿ ಇದ್ದರೂ ಮೈ ಉಸಿರುಗಟ್ಟುತ್ತದೆ. ನೀಲಿ ಮದ್ದು ಆ ಒಂದನ್ನು ತಿರುಗಿ ತಂದುಕೊಡುತ್ತದೆ. ಒಂದು ಎಲೆಕ್ಟ್ರಾನು. ನಾನು ವರ್ಷಗಟ್ಟಲೆ ಹಲಗೆಯ ಮೇಲೆ ಚುಕ್ಕೆ ಇಡುತ್ತ, ಒರೆಸುತ್ತ ಬಂದದ್ದು.

ಆ ಬೆಳಗನ್ನು ದಿನಕ್ಕೆ ಎಷ್ಟೋ ಸಲ ಮತ್ತೆ ನಡೆಸುತ್ತಿದ್ದೆ. ಕೈಯಲ್ಲಿ ಸೀಮೆಸುಣ್ಣ ಇರದಿದ್ದರೆ ನಾನೂ ಲೋಟ ಬರಿದು ಮಾಡುತ್ತಿದ್ದೆ. ಇಬ್ಬರೂ ಮಲಗಿದ್ದರೆ ಮೇಲಿನ ಕೋಣೆಗೆ ಯಾವಾಗ ಯಾರು ಬರುತ್ತಿದ್ದರು? ಮಗ್ಗಗಳಿಗೆ ರಜೆ, ಓಣಿಯಲ್ಲಿ ಜನವಿಲ್ಲ. ಇಲ್ಲವೇ ಎರಡನೆಯ ತಂಬಿಗೆ ಬೇಗ ಬಂದಿದ್ದರೆ. ಗಡ್ಡೆ ಒಡೆಯಲು ಗಂಗವ್ವ ತಡ ಮಾಡದಿದ್ದರೆ. ಅವಳು ಬದುಕಿದ ಬೆಳಗು ಒಂದು, ಬದುಕದ ಬೆಳಗು ಒಂದು, ನಡುವೆ ನಾನು ಓಡಾಡುತ್ತಿದ್ದೆ.

ಕೆಳಗಿನ ಮನೆಯೂ ಅಷ್ಟೇ. ಗಂಗವ್ವ ನೋಡಲು ಬಂದವರಿಗೆಲ್ಲ, "ನನ್ನ ಕೈಲೇ ಕೊಟ್ಟೆ, ಈ ಕೈಲೇ," ಎಂದು ಅಂಗೈ ತೋರಿಸುತ್ತಿದ್ದರು. ಎದುರುಮನೆಯ ಹೆಂಗಸೊಬ್ಬಳು, "ಹೋಗ್ಲಿ ಬಿಡ ಗಂಗಕ್ಕ, ಇನ್ಮ್ಯಾಲೆ ನಿಮ್ಮ ಮನ್ಯಾಗ ಯಾರೂ ಮಜ್ಜಿಗಿ ಕೇಳಂಗಿಲ್ಲ," ಎಂದು ನಗಿಸಲು ನೋಡಿದಳು. ಗಂಗವ್ವ ಎದ್ದು ಒಳಗೆ ಹೋದರು. ಮಲ್ಲಪ್ಪನವರು ಎರಡೂ ಭರಣಿ ಒಡೆದು ಹಾಕಿ, ತಗಡಿನ ಡಬ್ಬಿ ತಂದು, ನೈಟ್ರೈಟಿಗೆ ಬೀಗ ಹಾಕಿದರು. ಅಡುಗೆಗೆ ಅಂಗಡಿಯ ಉಪ್ಪು ತಂದರು. ಆದರೂ ಎಲ್ಲರ ಕಣ್ಣು ಹುಡುಗಿಯ ತುಟಿಯ ಮೇಲೆ. ಅವಳು ಮಲಗಿದರೆ ಅಜ್ಜಿ ಬ್ಯಾಟರಿ ಬಿಟ್ಟು ನೋಡುವುದು, ಅಪ್ಪ ನೀರು ಕೇಳುವ ನೆಪದಲ್ಲಿ ಎಬ್ಬಿಸುವುದು. ನಾನು ಬೆಳಗಾಗುತ್ತಲೇ ಮೆಟ್ಟಿಲಿಳಿದು, "ಹಾಲಿನವನು ಬಂದನೇ?" ಎಂದು ಇಣುಕುವುದು. ನಾನು ಹಾಲು ತರಿಸುತ್ತಲೇ ಇರಲಿಲ್ಲ.

ಪಾಠ ಮತ್ತೆ ಶುರುವಾಯಿತು. ನಾನು ಓಝೋನ್ ಬರೆದೆ, ಗಂಧಕದ ಡೈಆಕ್ಸೈಡ್ ಬರೆದೆ, ಕಾರ್ಬೊನೇಟಿಗೆ ಮೂರು ಚಿತ್ರ ಬರೆದೆ. ನೈಟ್ರೈಟನ್ನು ಬರೆಯಲು ಕೈ ಏಳಲಿಲ್ಲ. ನೈಟ್ರೋಜನ್ನಿನ ಎನ್ ಬರೆದರೆ ಆಂಬುಲೆನ್ಸಿನ ಬಿಳಿ ಹಾಸು ಕಾಣುತ್ತಿತ್ತು. ಕೆಲವು ವಾರ ನೋಡಿ ರೇಣುಕಾ ಎದ್ದು ಬಂದು ನನ್ನ ಕೈಯಿಂದ ಸೀಮೆಸುಣ್ಣ ಕಸಿದುಕೊಂಡಳು.

"ನೀವು ಬಿಟ್ರ ಪರೀಕ್ಷ್ಯಾಗ ಬರಂಗಿಲ್ಲೇನ್ರಿ?" ಎನ್ನುತ್ತ ತಾನೇ ಬರೆದಳು. ಹದಿನೆಂಟು ಚುಕ್ಕೆ. ಜೋಡಿ ಬಂಧ ಎಡಕ್ಕೆ ಒಂದು ಚಿತ್ರ, ಬಲಕ್ಕೆ ಒಂದು ಚಿತ್ರ. ನಡುವೆ ಬಾಣ. ಋಣ ಚಿಹ್ನೆಯನ್ನು ಒಂಟಿ ಬಂಧದ ಆಕ್ಸಿಜನ್ನಿನ ತಲೆಯ ಮೇಲೆ ಸರಿಯಾಗಿ ಇಟ್ಟಳು.

"ನನಗ ತಿಳೀತ್ರಿ ಇದು. ಆ ವಸ್ತು ಒಂದ ಐತಿ, ಅದಕ್ಕ ಏನೂ ಗೊಂದಲ ಇಲ್ಲ. ಗೊಂದಲ ನಮ್ಮ ಚುಕ್ಕಿಗೆ. ಒಂದ್ ಚಿತ್ರದಾಗ ಹಿಡಸಂಗಿಲ್ಲಂತ ಎರಡು ಬರೀತೀವಿ. ಬರದ ಮ್ಯಾಲೆ, ಈಗ ಎಲ್ಲೈತಿ ಈಗ ಎಲ್ಲೈತಿ ಅಂತ ಕೇಳಿದ್ರ ಕೇಳಾವರದ ತಪ್ಪು."

"ಸರಿ," ಎಂದೆ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ ಎಂದೂ ಹೇಳಬೇಕಿತ್ತು. ಆಗಲೂ ನಾನು ನೋಡುತ್ತಿದ್ದುದು ಅವಳ ತುಟಿಯನ್ನೇ. ಅವಳಿಗೆ ಅದು ಗೊತ್ತಾಯಿತು. ಸೀಮೆಸುಣ್ಣ ಇಟ್ಟು ಕೆಳಗೆ ಹೋದಳು.

ಚಳಿ ಬಂತು. ಎಳ್ಳ ಅಮವಾಸ್ಯೆಯ ದಿನ ಅಸೂಟಿಯಲ್ಲಿದ್ದ ಅವರ ಬಂಧುಗಳು ಹೊಲಕ್ಕೆ ಚರಗ ಚೆಲ್ಲಲು ಎಲ್ಲರನ್ನೂ ಕರೆದಿದ್ದರು. ನನ್ನನ್ನೂ ಗಾಡಿ ಹತ್ತಿಸಿದರು. ಜೋಳ ಎದೆಯೆತ್ತರ ನಿಂತಿತ್ತು, ಕಡಲೆ ಹೂ ಬಿಟ್ಟಿತ್ತು. ಬೆಳೆಗೆ ಉಣಿಸುವ ಆ ಅಡುಗೆಯನ್ನು ಮಲ್ಲಪ್ಪನವರು ಸುತ್ತಲೂ ಎರಚಿ ಬಂದ ಮೇಲೆ ನಾವೆಲ್ಲ ಬನ್ನಿ ಗಿಡದ ಕೆಳಗೆ ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ರೇಣುಕಾ ಚಳಿಗೆ ಸೆರಗು ಹೊದ್ದು ಕೂತಿದ್ದಳು. ಗಂಗವ್ವ ರೊಟ್ಟಿ ಬಡಿಸುತ್ತ ಬಡಿಸುತ್ತ ಅವಳ ಗದ್ದ ಹಿಡಿದು ಬಿಸಿಲಿಗೆ ತಿರುಗಿಸಿದರು.

"ಯಾಕ ತುಟಿ ಕರ್ರಗ ಕಾಣತಾವು?"

"ಚಳೀಗೆ ಬಿಡ ಯವ್ವಾ," ಎನ್ನುತ್ತ ಮಲ್ಲಪ್ಪನವರೂ ಬಗ್ಗಿ ನೋಡಿದರು. ನಾನು ಆಗಲೇ ಎದ್ದು ನಿಂತಿದ್ದೆ.

ರೇಣುಕಾ ಅಜ್ಜಿಯ ಕೈ ಕೊಸರಿದಳು. "ಮೂರು ತಿಂಗಳಾತು, ನಮ್ಮ ಮನ್ಯಾಗ ಯಾರೂ ನನ್ನ ಮಾರಿ ನೋಡಿಲ್ಲ! ಬರೇ ತುಟಿ ನೋಡ್ತೀರಿ. ಅಕ್ಕೋರ, ನೀವೂ ಅಷ್ಟ. ಹಾಲು ಹಾಲು ಅಂತ ಬರ್ತೀರಿ, ನೀವೆಲ್ಲಿ ಹಾಲು ಕುಡೀತೀರಿ? ನಾ ಎದುರಿಗೆ ಕುಂತು ರೊಟ್ಟಿ ತಿನ್ನಾಕತ್ತೀನಿ, ಈಗ ಅದಾಳೋ ಇಲ್ಲೋ, ಈಗ ಅದಾಳೋ ಇಲ್ಲೋ!"

ಅಸೂಟಿಯ ಬಂಧುಗಳು ತಟ್ಟೆ ನೋಡುತ್ತ ಕೂತರು. ರೇಣುಕಾ ಸರಕ್ಕನೆ ಅಜ್ಜಿಯ ಸಂಚಿ ಎಳೆದುಕೊಂಡಳು. ಎರಡು ಎಲೆ ತೆಗೆದು, ಸುಣ್ಣ ದಪ್ಪಗೆ ಸವರಿ, ಅಡಿಕೆ ಸುರಿದು ಮಡಚಿ ಬಾಯಿಗೆ ತುರುಕಿಕೊಂಡಳು. ಎಂದೂ ತಿಂದವಳಲ್ಲ. ಸುಣ್ಣಕ್ಕೆ ನಾಲಿಗೆ ಸುಟ್ಟಿರಬೇಕು, ಕಣ್ಣಲ್ಲಿ ನೀರು ಬಂತು. ಆದರೂ ಹಟದಿಂದ ಅಗಿದಳು. ತುಟಿಯ ಮೇಲೆ ನಾಲಿಗೆ ಆಡಿಸಿ ಅತ್ತ ಇತ್ತ ಬಳಿದುಕೊಂಡಳು.

"ಈಗ ನೋಡ್ರಿ. ಏನ್ ಗೊತ್ತಾಗ್ತೈತಿ ಹೇಳ್ರಿ."

ತುಟಿ ಗಲ್ಲ ಎಲ್ಲ ಕೆಂಪಾಗಿ, ಗದ್ದದ ಮೇಲೆ ಒಂದು ಗೆರೆ ಇಳಿದಿತ್ತು. ಒಳಗಿನ ಬಣ್ಣ ಏನಿದೆಯೋ ಕಾಣುವ ಹಾಗಿರಲಿಲ್ಲ. ಬೇರೇನೂ ತೋಚದೆ ನಾನು ಅವಳ ಮುಖ ನೋಡಿದೆ. ಕೋಪಕ್ಕೆ ಮೂಗು ಅರಳಿತ್ತು. ಬಲಗೆನ್ನೆಯಲ್ಲಿ ಹೊಸದಾಗಿ ಒಂದು ಮೊಡವೆ ಎದ್ದಿತ್ತು. ಹುಡುಗಿ ಸ್ವಲ್ಪ ದಪ್ಪಗಾಗಿದ್ದಳು.

"ಎಷ್ಟು ಸುಣ್ಣ ಹಚ್ಚಿಕೊಂಡೀಯ ಮಂಗ್ಯಾನಂಥಾಕಿ," ಎಂದು ಗಂಗವ್ವ ಬೈದರು. ಹಸ್ತ ಮಳೆಯ ನಂತರ ಅವರು ಮೊಮ್ಮಗಳನ್ನು ಬೈದದ್ದು ಅದೇ ಮೊದಲು. "ಉಗುಳು ಮದ್ಲ. ಬಾಯೆಲ್ಲಾ ಬೊಕ್ಕಿ ಬರ್ತಾವು."

"ಉಗುಳಂಗಿಲ್ಲ."

"ಹಂಗಾರ ಸಾಯಿ," ಎಂದುಬಿಟ್ಟರು ಗಂಗವ್ವ. ಅಂದ ಕೂಡಲೇ ಬಾಯಿ ಮುಚ್ಚಿಕೊಂಡರು. ಆಮೇಲೆ ರೇಣುಕಾಳೇ ನಕ್ಕಳು, ಬಾಯಿ ತುಂಬ ಕೆಂಪು ರಸ ಇಟ್ಟುಕೊಂಡು, ತಡೆಯಲಾರದೆ ಪಿಚಕ್ಕೆಂದು ತನ್ನ ಅಪ್ಪನ ಬಿಳಿ ಅಂಗಿಯ ಮೇಲೆಲ್ಲ ಉಗುಳಿ ನಕ್ಕಳು. ಮಲ್ಲಪ್ಪನವರು ಅಂಗಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು, "ಈ ಬಣ್ಣ ನಿಲ್ಲಂಗಿಲ್ಲ, ಒಂದ ನೀರಿಗೆ ಹೋಗ್ತೈತಿ," ಎಂದರು. ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರೋ ಅಳುತ್ತಿದ್ದರೋ ನಾನು ನೋಡಹೋಗಲಿಲ್ಲ.

ಕತ್ತಲಾಗುವ ಹೊತ್ತಿಗೆ ಗಜೇಂದ್ರಗಡ ಮುಟ್ಟಿದೆವು. ರೇಣುಕಾ ನಾಲಿಗೆ ಸುಟ್ಟಿದೆ ಎಂದು ಗೊಣಗುತ್ತ ಬೇಗ ಮಲಗಿದಳು. ನಾನು ಮೇಲೆ ಹೋಗಿ ದೀಪ ಆರಿಸಿದೆ. ಕಿವಿ ಅಭ್ಯಾಸದಂತೆ ಕೆಳಗಿನ ಸದ್ದಿಗೆ ಕಾದಿತ್ತು: ಬ್ಯಾಟರಿಯ ಗುಂಡಿ ಒತ್ತುವ ಸದ್ದು, ಮಲ್ಲಪ್ಪನವರ ಕೆಮ್ಮು. ಅವು ಬರಲಿಲ್ಲ. ಬರಲಿಲ್ಲವಲ್ಲ ಎಂದು ಅಂದುಕೊಂಡದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಹಲಗೆಯ ಮೇಲೆ ಬಿದ್ದಿತ್ತು, ಓಣಿಯ ಮಗ್ಗಗಳು ಆಗಲೇ ಶುರುವಾಗಿದ್ದವು, ಕೆಳಗೆ ಅಜ್ಜಿ ಮತ್ತು ಮೊಮ್ಮಗಳು ಬಚ್ಚಲಿಗೆ ಮೊದಲು ಯಾರು ಹೋಗಬೇಕೆಂದು ಜಗಳವಾಡುತ್ತಿದ್ದರು.